ಗಾಳ ನಿಂತ ಹೊಳೆ

ಶಿವನಸಮುದ್ರದಲ್ಲಿ ಧುಮುಕಿ ಬಂದ ಕಾವೇರಿ ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆಯ ಕಾಡು ಹಾದು ಸಂಗಮದ ಕಡೆ ಸಾಗುವಾಗ ಒಂದೇ ಹದದಲ್ಲಿ ಹರಿಯುವುದಿಲ್ಲ. ಬಂಡೆ ಸಿಕ್ಕಲ್ಲಿ ಸೀಳುತ್ತಾಳೆ, ನುಗ್ಗುತ್ತಾಳೆ, ನೊರೆಯೆಬ್ಬಿಸುತ್ತಾಳೆ. ಮುಂದಿನ ತಿರುವಿನಲ್ಲಿ ಹಸಿರು ಮಡುವಾಗಿ ನಿಲ್ಲುತ್ತಾಳೆ. ಶಿವರಾತ್ರಿಯ ಹೊತ್ತಿಗೆ ನೀರು ಇಳಿದು ತಿಳಿಯಾಗುತ್ತದೆ. ಹೊಳೆಮತ್ತಿಗಳ ಬೇರು ದಡ ಬಿಟ್ಟು ನೀರಿಗಿಳಿದಿರುತ್ತದೆ. ರಾಜ್ಯದ ಬೇರೆ ಕಾಡುಗಳಲ್ಲಿ ಅಪರೂಪವಾದ ಬೂದು ದೊಡ್ಡಳಿಲು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತದೆ. ಆಚೆ ದಡದ ಬಂಡೆಯ ಮೇಲೆ ನೀರುನಾಯಿಗಳು ಮೀನು ಹರಿದು ತಿನ್ನುತ್ತವೆ. ಮರಳದಿಬ್ಬದಲ್ಲಿ ಮೊಸಳೆ ಬಾಯ್ದೆರೆದು ಬಿಸಿಲು ಕಾಯಿಸುತ್ತದೆ.

ಈ ದಡದಲ್ಲಿ ಒಂದು ಕಾಲಕ್ಕೆ ನಸುಕಿನಲ್ಲೇ ಕೆಲಸ ಶುರುವಾಗುತ್ತಿತ್ತು. ಕ್ಯಾಂಪಿನ ಒಲೆಯ ಮೇಲೆ ರಾಗಿ ಹಿಟ್ಟು ಕುದಿದು ಗಟ್ಟಿಯಾಗುತ್ತಿತ್ತು. ಊಟಕ್ಕಲ್ಲ, ಮೀನಿಗೆ. ಗೈಡ್ ಅದನ್ನು ಅಂಗೈಯಲ್ಲಿ ನಾದಿ, ಉಂಡೆ ಕಟ್ಟಿ, ದೊಡ್ಡ ಗಾಳದ ಕೊಕ್ಕೆ ಕಾಣದಂತೆ ಮೆತ್ತುತ್ತಿದ್ದ. ಹರಿಗೋಲಿನಲ್ಲಿ ಮೂರು ಜನ: ಹುಟ್ಟು ಹಾಕುವವನು, ಮಡುವಿನ ಆಳ ಬಲ್ಲ ಗೈಡ್, ದೂರದ ಊರಿನಿಂದ ಸಾವಿರಾರು ರೂಪಾಯಿ ಖರ್ಚು ಮಾಡಿ ಬಂದ ಗಾಳದ ಹವ್ಯಾಸಿ. ಬಂಡೆಯ ನೆರಳಿಗೆ ಉಂಡೆ ಎಸೆದರೆ ಮುಂದಿನದೆಲ್ಲ ಕಾಯುವುದು. ದಾರವನ್ನು ಬೆರಳಿಗೆ ತಾಗಿಸಿಕೊಂಡು ತಾಸುಗಟ್ಟಲೆ ಕೂರಬೇಕು. ಮಾತಿಲ್ಲ. ಸಣ್ಣ ಮೀನು ಕುಟುಕುವುದಕ್ಕೂ ಈ ಹೊಳೆಯ ದೈತ್ಯ ಮೀನು ಮಹಶೀರ್ ಬಾಯಿ ಹಾಕುವುದಕ್ಕೂ ಇರುವ ವ್ಯತ್ಯಾಸ ಗೈಡಿಗೆ ದಾರದ ನಡುಕದಲ್ಲೇ ತಿಳಿಯುತ್ತಿತ್ತು.

ಕಚ್ಚಿತೆಂದರೆ ಮೌನ ಮುರಿಯಿತು. ಕೋಲು ಬಿಲ್ಲಾಗಿ ಬಾಗಿ, ರೀಲು ಚೀರಿ, ನೂರಾರು ಅಡಿ ದಾರ ಒಂದೇ ಓಟಕ್ಕೆ ಹೊಳೆಯ ಪಾಲು. ಮೀನು ನೇರ ಕೆಳಹರಿವಿಗೆ, ಬಂಡೆಗಳ ಸಂದಿಗೆ ನುಗ್ಗುತ್ತದೆ. ದಾರ ಬಂಡೆಗೆ ಉಜ್ಜಿದರೆ ಮುಗಿಯಿತು. ಹರಿಗೋಲು ಗಿರಗಿರ ತಿರುಗುತ್ತ ಅದರ ಬೆನ್ನು ಹತ್ತಬೇಕು. ಕೊನೆಗೆ ಸೊಂಟಮಟ್ಟದ ನೀರಿನಲ್ಲಿ ಗೈಡ್ ಅದನ್ನು ತೋಳಿಗೆ ತೆಗೆದುಕೊಂಡಾಗ ಕಾಣುವುದು ಬೆನ್ನ ಮೇಲೆ ಗೂನಿರುವ, ಅಂಗೈಯಗಲ ಹುರುಪೆಯ, ಹೊನ್ನು ತಾಮ್ರ ಬೆರೆತ ಮೈ. ತೂಕ, ಒಂದು ಫೋಟೊ, ಆಮೇಲೆ ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೆ ಕಾದು, ಬಿಡುವುದು. ಸಂಜೆ ಕ್ಯಾಂಪಿನ ಪುಸ್ತಕದಲ್ಲಿ ಎಷ್ಟು ತಾಸು ಗಾಳ ಹಾಕಿದರು, ಎಷ್ಟು ಮೀನು, ಎಷ್ಟು ತೂಕ ಎಂದು ಬರೆಯುತ್ತಿದ್ದರು. ಆ ಪುಸ್ತಕದ ಮಾತು ಮುಂದೆ ಬರುತ್ತದೆ.

ಈ ಹವ್ಯಾಸಕ್ಕೆ ನಮ್ಮ ನಾಡಿನಲ್ಲಿ ಹಳೆಯ ಬೇರುಗಳಿವೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲೇ ಭಾರತದ ಗಾಳಗಾರಿಕೆಯ ಬಗ್ಗೆ ಪುಸ್ತಕ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಆಮೇಲೆ ಈ ದೈತ್ಯ ಮುಗಿದೇಹೋಯಿತು ಎಂದುಕೊಂಡವರೇ ಹೆಚ್ಚು. 1970ರ ದಶಕದ ಕೊನೆಗೆ ಬ್ರಿಟನ್ನಿನ ತರುಣರ ತಂಡವೊಂದು ಕಾವೇರಿಗೆ ಬಂದು ಅದು ಇನ್ನೂ ಇದೆ ಎಂದು ತೋರಿಸಿತು. ಆಗಿನಿಂದ ಜಗತ್ತಿನ ಗಾಳಗಾರರ ಭೂಪಟದಲ್ಲಿ ಭೀಮೇಶ್ವರಿ ಸೇರಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕ್ಯಾಂಪು ಕಟ್ಟಿತು. ದಕ್ಷಿಣ ಭಾರತ ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗ ವಹಿಸಿಕೊಂಡು ಕಾವಲಿಟ್ಟರು. ಹಿಡಿದದ್ದನ್ನು ಬಿಡಲೇಬೇಕೆಂಬ ಕಟ್ಟಳೆ ಬಂತು. ತೋಟೆ ಸಿಡಿಸಿ ಮೀನು ಕೊಲ್ಲುತ್ತಿದ್ದವರಿಗೇ ಕ್ಯಾಂಪಿನಲ್ಲಿ ಕೆಲಸ ಸಿಕ್ಕಿತು. ಒಂದು ತೋಟೆ ಸಿಡಿದರೆ ಮಡುವಿನಲ್ಲಿ ಮರಿ ಸಮೇತ ಎಲ್ಲ ಸಾಯುತ್ತದೆ. ಹಾಗೆ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದರೆ ಕಾಯ್ದೆ ಮಾಡದ ಕೆಲಸವನ್ನು ಇಲ್ಲಿ ತಿಂಗಳ ಸಂಬಳ ಮಾಡಿತು.

1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿ ಧಾಮವಾಯಿತು. ಗಾಳ ನಿಲ್ಲಲಿಲ್ಲ. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು ‘ಪ್ರಾಣಿ’ ಎಂಬುದರ ವ್ಯಾಪ್ತಿಗೆ ಮೀನೂ ಸೇರಿತು. ಹಿಡಿಯುವುದು, ಆಮಿಷ ಒಡ್ಡುವುದು, ಅದಕ್ಕೆ ಯತ್ನಿಸುವುದು, ಇವೆಲ್ಲ ಆ ಕಾಯ್ದೆಯಲ್ಲಿ ಬೇಟೆಯೇ. ಕಾಯ್ದೆ ರಕ್ಷಿಸುವ ಜೀವಿಗಳ ಅನುಸೂಚಿಯಲ್ಲಿ ಮಹಶೀರ್ ಇಲ್ಲ, ನಾವು ಕೊಲ್ಲುತ್ತಲೂ ಇಲ್ಲ ಎಂದು ಗಾಳದವರು ವಾದಿಸಿದರು. ಧಾಮದೊಳಗೆ ಅನುಸೂಚಿಯ ಹೊರಗಿನ ಜೀವಿಗೂ ರಕ್ಷಣೆ ಇದೆ ಎಂಬುದು ಎದುರು ವಾದ. ಆ ರಾಗಿ ಉಂಡೆಯೇ ಆಮಿಷವಾಯಿತು. ಕೇಂದ್ರದಿಂದ ಸೂಚನೆ ಬಂದು, ಎಳೆದಾಡಿ, 2012ರ ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ಪೂರ್ತಿ ನಿಂತಿತು.

ಇಂದು ಭೀಮೇಶ್ವರಿಗೆ ಹೋದರೆ ತಂತಿಗೆ ಜೋತು ಹೊಳೆ ದಾಟುವ ಆಟವಿದೆ, ಕಯಾಕ್ ಇದೆ, ಹರಿಗೋಲಿನ ವಿಹಾರವಿದೆ. ವಾರಾಂತ್ಯಕ್ಕೆ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಮಕ್ಕಳ ಕೇಕೆ ಕೇಳಲು ಚೆಂದವೇ. ಆದರೆ ಯಾವ ಬಂಡೆಯ ಕೆಳಗೆ ಯಾವ ತಿಂಗಳಲ್ಲಿ ಮೀನು ನಿಲ್ಲುತ್ತದೆಂದು ಬಲ್ಲ ಕೈಗೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವ ಕೆಲಸ ಕೊಟ್ಟರೆ ಆ ವಿದ್ಯೆ ಅಲ್ಲಿಗೆ ನಿಲ್ಲುತ್ತದೆ. ಗಾಳದವರಲ್ಲಿ ಕೆಲವರು ಹಿಮಾಲಯದ ತಪ್ಪಲಿನ ಹೊಳೆಗಳಿಗೆ ಹೋದರು. ಕೆಲವರು ಧಾಮದ ಗಡಿಯಾಚೆ, ಕೊಡಗಿನ ವಾಲ್ನೂರಿನಲ್ಲಿ ಅನುಮತಿ ಪಡೆದು ಮೀನು ಹಿಡಿದು ಬಿಡುವವರ ಜೊತೆ ಸೇರಿದರು. ಉಳಿದವರು ಕೋಲು ಅಟ್ಟಕ್ಕಿಟ್ಟರು. ಅವರ ನಷ್ಟ ದೊಡ್ಡದಲ್ಲ, ಇನ್ನೊಂದು ಹವ್ಯಾಸ ಹುಡುಕಿಕೊಳ್ಳಬಹುದು. ನನ್ನ ಚಿಂತೆ ಮೀನಿನದು.

ಆ ಪುಸ್ತಕಕ್ಕೆ ಬರೋಣ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಕೂತು ಓದಿದರು. 23,620 ತಾಸಿನ ಗಾಳ, 6,161 ಮಹಶೀರ್. ಅಷ್ಟು ತಾಸು ಹೊಳೆಯ ಮೇಲೆ ಕಣ್ಣಿಡಲು ಯಾವ ಇಲಾಖೆಯ ಬಳಿಯೂ ಜನ ಇರಲಿಲ್ಲ. ಒಟ್ಟು ಮೀನಿನ ಸಂಖ್ಯೆ ಏರಿತ್ತು; ಆದರೆ ಏರಿದ್ದು ನೀಲಿರೆಕ್ಕೆಯ ಬೇರೊಂದು ಮಹಶೀರ್. ಮರಿಕೇಂದ್ರದಲ್ಲಿ ಬೆಳೆಸಿ ಹೊಳೆಗೆ ಬಿಟ್ಟ ಜಾತಿ ಅದು. ಹೊಳೆಯ ಸ್ವಂತ ಮಗುವಾದ ಗೂನುಬೆನ್ನಿನ ಮಹಶೀರ್ ಮಾಯವಾಗುತ್ತಿತ್ತು. ಗಾಳದವರು ಹೊಳೆ ತುಂಬಿತೆಂದು ಹಿಗ್ಗುತ್ತಿದ್ದ ವರ್ಷಗಳಲ್ಲೇ ಇದು ನಡೆದದ್ದು. ಮರಿ ಬಿಡುವುದನ್ನು ಅವರೂ ಕೈತಟ್ಟಿ ಒಪ್ಪಿದ್ದರು ಎಂಬುದನ್ನು ಮರೆಯಬಾರದು. ಅದಕ್ಕಿಂತ ಸಂಕಟದ ಸಂಗತಿ, ನೂರು ವರ್ಷ ಜಗತ್ತು ಕೊಂಡಾಡಿದ ಈ ಮೀನಿಗೆ ವಿಜ್ಞಾನದಲ್ಲಿ ಖಚಿತ ಹೆಸರು ನಿಂತದ್ದು 2018ರಲ್ಲಿ: ಟೋರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಈಗ ಅದು ಸಿಗುವುದು ಮೋಯಾರ್ ಹೊಳೆಯಂಥ ಒಂದೆರಡು ಕಡೆ ಮಾತ್ರ.

ಗಾಳವೇ ಪರಿಹಾರ ಎಂದು ನಾನು ಹೇಳುವುದಿಲ್ಲ. ಕೊಕ್ಕೆಗೆ ಸಿಕ್ಕ ಮೀನು ನೋಯುತ್ತದೆ, ದಣಿಯುತ್ತದೆ. ರಾಮನಾಥಪುರದಲ್ಲಿ, ಶೃಂಗೇರಿಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ಜನಕ್ಕೆ ಮೀನನ್ನು ನೋಯಿಸಿ ಸುಖಪಡುವುದು ಒಗ್ಗದಿದ್ದರೆ ಅದು ಸಹಜ. ಧಾಮದೊಳಗೆ ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಇನ್ನೊಬ್ಬರು ಬರುತ್ತಾರೆ ಎಂಬ ಅರಣ್ಯ ಇಲಾಖೆಯ ಅಂಜಿಕೆಯಲ್ಲೂ ಹುರುಳಿದೆ. ತಪ್ಪಿದ್ದು ನಿಷೇಧದಲ್ಲಲ್ಲ, ನಿಷೇಧದ ಮರುದಿನ ಏನೆಂದು ಯೋಚಿಸದೇ ಇದ್ದದ್ದರಲ್ಲಿ. ಕ್ಯಾಂಪು ಎತ್ತಿದ ಮೇಲೆ ತೋಟೆಯವರು, ಬಲೆಯವರು ಮತ್ತೆ ನುಗ್ಗುವ ಅಪಾಯವನ್ನು ಇದೇ ಸಂಶೋಧಕರು 2013ರಲ್ಲೇ ಬರೆದರು. ಗಾಳದವರು ಕೊಡುತ್ತಿದ್ದ ಕಾವಲು ಹೋಯಿತು, ಲೆಕ್ಕವೂ ಹೋಯಿತು. ಈಗ ಇದೇ ಕಣಿವೆಯ ಮೇಲೆ ಮೇಕೆದಾಟು ಜಲಾಶಯದ ಪ್ರಸ್ತಾವ ತೂಗುತ್ತಿದೆ. ನೀರು ನಿಂತರೆ ಹರಿವಿನಲ್ಲಿ ಬದುಕುವ ಮೀನಿಗೆ ಏನಾಗುತ್ತದೆಂದು ತೂಗಿ ನೋಡಲು ಹೊಸ ಅಂಕಿ ಬೇಕು.

ಸರ್ಕಾರಕ್ಕೆ ಕೇಳುವುದು ಇಷ್ಟು. ಗಾಳಕ್ಕೆ ಮತ್ತೆ ಅನುಮತಿ ಕೊಡಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತಿರಲಿ. ಅಷ್ಟರೊಳಗೆ ಹಳೆಯ ಗೈಡುಗಳನ್ನು ಕಾವಲಿಗೂ ಎಣಿಕೆಗೂ ಸಂಬಳ ಕೊಟ್ಟು ನೇಮಿಸಿ. ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ ಸಂಶೋಧನೆಗಷ್ಟೇ ಮೀನು ಹಿಡಿದು ಬಿಡಲು ಕಾನೂನಿನಲ್ಲಿ ದಾರಿ ಮಾಡಿ. ಕಾವೇರಿಗೆ ನೀಲಿರೆಕ್ಕೆಯ ಮರಿ ಸುರಿಯುವುದನ್ನು ನಿಲ್ಲಿಸಿ. ಮಡುಗಳ ಗುಟ್ಟು ಬಲ್ಲ ಆ ಗೈಡುಗಳಿಗೆ ವಯಸ್ಸಾಗುತ್ತಿದೆ, ಆದ್ದರಿಂದ ಈ ಕೆಲಸ ಮುಂದಿನ ಬೇಸಿಗೆಗೇ ಆಗಬೇಕು.