ಕಂಬ ನೂರು, ನಂಬರು ಒಂದೇ

ದುಬೈಯಲ್ಲಿ ರಸ್ತೆ ಸರ್ವೆ ಮಾಡುವ ನಾವು ದೀಪದ ಕಂಬ, ಫಲಕಗಳ ವಿವರವನ್ನು ಎಕ್ಸೆಲ್‌ನಲ್ಲಿ ಒಟ್ಟಿಗೆ ತುಂಬಿ ಸಾಫ್ಟ್‌ವೇರ್‌ಗೆ ಹಾಕ್ತೀವಿ. ಒಂದೊಂದನ್ನೇ ಕ್ಲಿಕ್ ಮಾಡೋ ಕಷ್ಟ ತಪ್ಪುತ್ತೆ. ಆದರೆ ಹೋದ ಬೇಸಿಗೆಯಲ್ಲಿ ಎಡವಿದೆವು. ಸೈಟಿನಿಂದ ಬಂದ ಸಿಎಸ್‌ವಿ ಫೈಲನ್ನು ನೇರವಾಗಿ ತೆರೆದು ಸೇವ್ ಮಾಡಿಬಿಟ್ಟೆವು. ಸಾಫ್ಟ್‌ವೇರ್ ಕಂಬವನ್ನು ಗುರುತಿಸೋದು ಟ್ಯಾಗ್ ನಂಬರಿನಿಂದ; ನಮ್ಮದು 17 ಅಂಕಿ. ಎಕ್ಸೆಲ್ ಸಂಖ್ಯೆಯಲ್ಲಿ ಉಳಿಸೋದು 15 ಅಂಕಿ ಮಾತ್ರ. ನೂರು ಕಂಬಕ್ಕೂ ಒಂದೇ ನಂಬರಾಯಿತು! ನಕಲೂ ಇರಲಿಲ್ಲ. ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ನಿಷೇಧವಿದ್ದ ಕಾಲ. ನಸುಕಿನಲ್ಲೇ ಹೋಗಿ ಎಲ್ಲವನ್ನೂ ಮತ್ತೆ ಬರೆದುಕೊಂಡೆವು.

ನೀವು ಹೀಗೆ ಮಾಡಿ: ಮೊದಲು ಫೈಲಿನ ನಕಲು ತೆಗೆದಿಡಿ. ಡೇಟಾ ಟ್ಯಾಬಿನಿಂದ ಫೈಲ್ ತಂದು, ನಂಬರಿನ ಕಾಲಂ ‘ಟೆಕ್ಸ್ಟ್’ ಮಾಡಿ. ಐದು ಕಂಬ ಹಾಕಿ ನೋಡಿ. ಸರಿಯಿದ್ರೆ ಉಳಿದದ್ದು ಹಾಕಿ.