ಅಂಕಿ ಎರಡಾಗಿ ಕಂಡರೆ

ಸ್ವಿಟ್ಜರ್ಲೆಂಡಿನ ಹಳೆಯ 20 ರಾಪೆನ್ ನಾಣ್ಯದಲ್ಲಿ ಇಸವಿಯ ಅಂಕಿಗಳು ಎರಡೆರಡಾಗಿ ಕಂಡರೆ ಸಂಗ್ರಹಕಾರರ ಎದೆ ಡವಗುಟ್ಟುವುದು ಸಹಜ. ಅಚ್ಚು ತಪ್ಪಿದ ನಾಣ್ಯಕ್ಕೆ ಬೆಲೆ ಜಾಸ್ತಿ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಅಂಕಿ ಎರಡಾಗಲು ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ನಾಣ್ಯದ ಬೆಲೆಗೆ ಕಿಲುಬು ಕಾಸನ್ನೂ ಸೇರಿಸುವುದಿಲ್ಲ.

ಈ ನಾಣ್ಯವನ್ನು 1881ರಿಂದ 1938ರವರೆಗೆ ಅಪ್ಪಟ ನಿಕ್ಕಲ್‌ನಲ್ಲಿ ಅಚ್ಚು ಹಾಕಲಾಯಿತು. ತೂಕ 4 ಗ್ರಾಂ, ಅಡ್ಡಳತೆ ಸುಮಾರು 21 ಮಿಲಿಮೀಟರು. ಒಂದು ಬದಿಯಲ್ಲಿ ಲಿಬರ್ಟಾಸ್ ದೇವಿಯ ಮುಖ, ಸುತ್ತ ‘ಕಾನ್ಫೋಡೆರೇಷಿಯೋ ಹೆಲ್ವೆಟಿಕಾ’ ಎಂಬ ಲ್ಯಾಟಿನ್ ಬರಹ, ಕೆಳಗೆ ಇಸವಿ. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ನಿಕ್ಕಲ್ ಬೆಳ್ಳಿಯಂತೆ ಸುಲಭಕ್ಕೆ ಬಗ್ಗುವ ಲೋಹವಲ್ಲ. ಅಚ್ಚುಗಳನ್ನು ಬೇಗ ಸವೆಸುತ್ತದೆ.

ನಾಣ್ಯ ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದರೆ ಮುಂದಿನದು ಸುಲಭ. ನಾಣ್ಯದಂತೆಯೇ ಉಬ್ಬುಚಿತ್ರವಿರುವ ಉಕ್ಕಿನ ತುಂಡು ‘ಹಬ್’. ಅದನ್ನು ಇನ್ನೊಂದು ಉಕ್ಕಿನ ತುಂಡಿಗೆ ಒತ್ತಿದಾಗ ಚಿತ್ರ ತಿರುವುಮುರುವಾಗಿ, ತಗ್ಗಾಗಿ ಮೂಡುತ್ತದೆ. ಅದೇ ‘ಡೈ’, ಅಂದರೆ ಅಚ್ಚು. ಇಂಥ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಜಜ್ಜಿದರೆ ನಾಣ್ಯ ಸಿದ್ಧ. ಹಿಂದೆಲ್ಲ ಒಂದೇ ಒತ್ತಿಗೆ ಹಬ್‌ನ ಚಿತ್ರ ಡೈಗೆ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದಂತೆ ಉಕ್ಕು ಬಿರುಸಾಗುತ್ತದೆ. ಅದನ್ನು ಹೊರತೆಗೆದು, ಕಾಯಿಸಿ, ನಿಧಾನವಾಗಿ ಆರಿಸಿ ಮೆದುಗೊಳಿಸಿದ ಮೇಲೆ ಮತ್ತೆ ಒತ್ತಬೇಕಿತ್ತು. ಈ ಎರಡನೇ ಸಲ ಹಬ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಸಾಕು, ಡೈಯಲ್ಲೇ ಎರಡು ಚಿತ್ರ ಉಳಿಯುತ್ತವೆ. ಅಲ್ಲಿಂದ ಮುಂದೆ ಆ ಡೈ ಹೊಡೆದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ ಚಿತ್ರ.

ಇದೇ ನಿಜವಾದ ‘ಡಬಲ್ಡ್ ಡೈ’. ಅಮೆರಿಕದ 1955ರ ಲಿಂಕನ್ ಸೆಂಟ್ ಇದರ ಹೆಸರಾಂತ ಉದಾಹರಣೆ. ಫಿಲಡೆಲ್ಫಿಯಾದ ಟಂಕಸಾಲೆಯಿಂದ ಹೊರಬಿದ್ದ ಆ ನಾಣ್ಯದ ಇಸವಿ ಬರಿಗಣ್ಣಿಗೇ ಎರಡಾಗಿ ಕಾಣುತ್ತದೆ. 19ನೇ ಶತಮಾನದ ನಾಣ್ಯಗಳಿಗೆ ಇನ್ನೊಂದು ಸಾಧ್ಯತೆಯೂ ಇದೆ. ಆಗ ಹಲವು ಟಂಕಸಾಲೆಗಳಲ್ಲಿ ಇಸವಿಯ ಅಂಕಿಗಳನ್ನು ಡೈಗೆ ಕೈಯಿಂದಲೇ ಕುಟ್ಟಿ ಇಳಿಸುತ್ತಿದ್ದರು. ಮೊದಲ ಏಟು ಓರೆಯಾದರೆ ಅದರ ಮೇಲೆ ಇನ್ನೊಂದು ಏಟು. ಇಂಥ ಕಡೆ ಒಂದೆರಡು ಅಂಕಿ ಮಾತ್ರ ಜೋಡಿಯಾಗಿದ್ದು, ಪಕ್ಕದ ಅಕ್ಷರಗಳು ಚೊಕ್ಕವಾಗಿರುತ್ತವೆ.

ಅಮಾಯಕರಿಗೆ ಮೋಸ ಮಾಡುವುದು ಬೇರೆಯದೇ ದೋಷ. ಯಂತ್ರದಲ್ಲಿ ಡೈ ಬಿಗಿಯಾಗಿ ಕೂತಿಲ್ಲವೆನ್ನಿ. ಬಿಲ್ಲೆಯನ್ನು ಹೊಡೆದು ಮೇಲೇಳುವ ಕ್ಷಣದಲ್ಲಿ ಅದು ಅದುರಿ ಪಕ್ಕಕ್ಕೆ ಜಾರುತ್ತದೆ. ಆಗಷ್ಟೇ ಉಬ್ಬಿದ್ದ ಅಂಕಿಯ ಅಂಚನ್ನು ತಳ್ಳಿ ಚಪ್ಪಟೆ ಮಾಡುತ್ತದೆ. ಇದು ಆ ಒಂದು ಹೊಡೆತದ ಎಡವಟ್ಟು. ಡೈಯಲ್ಲಿ ಏನೂ ಐಬಿಲ್ಲ.

ಇವೆರಡನ್ನು ಬೇರ್ಪಡಿಸಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ದೀಪ ಸಾಕು. ದೀಪವನ್ನು ನೆತ್ತಿಯ ಮೇಲಲ್ಲ, ಪಕ್ಕದಲ್ಲಿ ತಗ್ಗಿಸಿ ಇಡಿ. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಇಸವಿಯ ಒಂದು ಅಂಕಿಯನ್ನು ನೋಡಿ. ಡೈಯಲ್ಲೇ ಜೋಡಿ ಇದ್ದರೆ ಎರಡನೇ ಗೆರೆಯೂ ಮೊದಲಿನಂತೆ ದುಂಡಗೆ ಉಬ್ಬಿರುತ್ತದೆ, ಅಂಕಿ ದಪ್ಪಗಾಗಿರುತ್ತದೆ, ಗೆರೆ ಕೂಡುವಲ್ಲಿ ಸೀಳು ಕಾಣುತ್ತದೆ. ಹೊಡೆತದಲ್ಲಿ ಜಾರಿದ್ದಾದರೆ ಅಂಕಿಯ ಪಕ್ಕದಲ್ಲಿ ನಾಣ್ಯದ ನೆಲಕ್ಕೆ ಹತ್ತಿರವಾಗಿ ಹೊಳೆಯುವ ಚಪ್ಪಟೆ ಮೆಟ್ಟಿಲು. ಅಂಕಿಯ ಮೈ ಮೊದಲಿಗಿಂತ ಸಣಕಲು, ಏಕೆಂದರೆ ಆ ಮೆಟ್ಟಿಲಿಗೆ ಬೇಕಾದ ಲೋಹ ಅಂಕಿಯಿಂದಲೇ ಹೋದದ್ದು. ಅಂಕಿಗೆ ಮೈ ಬಂದಿದೆಯೋ, ಮೈ ಹೋಗಿದೆಯೋ ಎಂಬುದನ್ನು ಮೊದಲು ನೋಡಿ. ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗುತ್ತದೆ.

ನಿಕ್ಕಲ್‌ನ ಗಡಸುತನ ಬೇರೊಂದು ಗೊಂದಲಕ್ಕೂ ದಾರಿ ಮಾಡಿಕೊಡುತ್ತದೆ. ಸಾವಿರಾರು ಬಿಲ್ಲೆಗಳನ್ನು ಹೊಡೆದು ದಣಿದ ಡೈಯಲ್ಲಿ ಅಕ್ಷರಗಳ ಅಂಚು ಸವೆದು ಹರಡುತ್ತದೆ. ಅಂಥ ಡೈಯಿಂದ ಬಂದ ನಾಣ್ಯದಲ್ಲಿ ಅಕ್ಷರಗಳು ಊದಿಕೊಂಡಂತೆ, ಮಸುಕು ನೆರಳು ಹೊತ್ತಂತೆ ಕಾಣುತ್ತವೆ. ಅವುಗಳ ಸುತ್ತಲಿನ ಬಯಲು ಒರಟಾಗಿ, ಅಂಚಿನ ಕಡೆಗೆ ಹರಿದ ಸಣ್ಣ ಗೆರೆಗಳಿಂದ ತುಂಬಿರುತ್ತದೆ. ಇದಕ್ಕೂ ಸಂಗ್ರಹಕಾರರ ಲೋಕದಲ್ಲಿ ಹೆಚ್ಚಿನ ಬೆಲೆಯಿಲ್ಲ.

ಅನುಮಾನ ಇನ್ನೂ ಉಳಿದಿದೆಯೇ? ಅದೇ ಇಸವಿಯ ಇನ್ನಷ್ಟು ನಾಣ್ಯಗಳನ್ನು ಹುಡುಕಿ. ಇನ್ನೊಂದರಲ್ಲೂ ಅದೇ ದಿಕ್ಕಿಗೆ, ಅಷ್ಟೇ ಅಂತರಕ್ಕೆ, ಅದೇ ಸೀಳಿನೊಂದಿಗೆ ಜೋಡಿ ಕಂಡರೆ ತಪ್ಪು ಡೈಯದು. ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ಯಂತ್ರದ ಅದುರಾಟ. ಒಂದೇ ಡೈಯ ನಾಣ್ಯಗಳಲ್ಲಿ ಕ್ರಮೇಣ ಹೆಚ್ಚುತ್ತ ಹೋಗುವ ಮಸುಕು ಡೈಯ ಮುಪ್ಪು.

ಮಾರುವವರು ಹೇಳಿದ ಮಾತ್ರಕ್ಕೆ ಹಣ ಕೊಡಬೇಡಿ. ಪಕ್ಕದ ಬೆಳಕಿನಲ್ಲಿ ತೆಗೆದ, ಹತ್ತಿರದಿಂದ ಕಾಣುವ ಚಿತ್ರ ಕೇಳಿ. ಅದರಲ್ಲಿ ಚಪ್ಪಟೆ ಮೆಟ್ಟಿಲು ಕಂಡರೆ ಮಾಮೂಲಿ 20 ರಾಪೆನ್‌ಗೆ ಎಷ್ಟು ಬೆಲೆಯೋ ಅಷ್ಟೇ ಕೊಡಿ.