ಹಳಿಯ ಮೇಲಿನ ಹಡಗು, ಹೊಳೆಯ ವಾದ್ಯಗಾರರು

ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಬಾಗಿಲು ತೆರೆದಾಗ ಅದರ ದೊಡ್ಡ ಆಕರ್ಷಣೆಗಳಲ್ಲಿ ಒಂದು 'ಮಾರ್ಕ್ ಟ್ವೈನ್' ಎಂಬ ಉಗಿಹಡಗು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಓಡಾಡುತ್ತಿದ್ದ ಹಡಗುಗಳ ಎಂಟರಲ್ಲಿ ಐದು ಪಾಲಿನ ಅಳತೆಗೆ ಅದನ್ನು ಕಟ್ಟಲಾಗಿತ್ತು. ಬಾಯ್ಲರ್ ನಿಜ, ಉಗಿ ನಿಜ, ಹಿಂಬದಿಯಲ್ಲಿ ನೀರು ತಳ್ಳುವ ದೊಡ್ಡ ಚಕ್ರವೂ ನಿಜ. ಆದರೆ ದಾರಿ ತೋರಿಸುವುದು ಮಾತ್ರ ನೀರಿನಡಿ ಹುದುಗಿಸಿದ ಹಳಿ. ಚುಕ್ಕಾಣಿ ಹಿಡಿದವರು ಎತ್ತ ತಿರುಗಿಸಿದರೂ ಹಡಗು ದ್ವೀಪವೊಂದನ್ನು ಸುತ್ತಿ ಕಾಲು ಗಂಟೆಯಲ್ಲಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಈ ಹಡಗಿನ ಮೇಲೆ 1961ರಿಂದ ಕೆಲವು ವರ್ಷ ಒಂದು ಜಾಸ್ ಮೇಳ ನುಡಿಸುತ್ತಿತ್ತು. ಅದರ ಹೆಸರು 'ಯಂಗ್ ಮೆನ್ ಫ್ರಮ್ ನ್ಯೂ ಆರ್ಲಿಯನ್ಸ್'. ಈ ತರುಣರ ಮುಂದಾಳು, ಬ್ಯಾಂಜೊ ವಾದಕ ಜಾನಿ ಸೇಂಟ್ ಸಿರ್‌ಗೆ ಆಗಲೇ ಎಪ್ಪತ್ತು ದಾಟಿತ್ತು.

ಥೀಮ್ ಪಾರ್ಕಿನಲ್ಲಿ ಬಣ್ಣದ ಅಂಗಿ ತೊಟ್ಟು ನುಡಿಸುವವರನ್ನು ಯಾರೂ ಇತಿಹಾಸದ ವ್ಯಕ್ತಿಗಳೆಂದು ನೋಡುವುದಿಲ್ಲ. ಆದರೆ ಸೇಂಟ್ ಸಿರ್ ನಿಜವಾದ ಮಿಸಿಸಿಪ್ಪಿ ಹಡಗುಗಳಲ್ಲಿ ನುಡಿಸಿದ್ದವರು. ಆ ಕಟ್ಟುಹೊಳೆಯಲ್ಲಿ ನಕಲಲ್ಲದ್ದೇನಾದರೂ ಇದ್ದಿದ್ದರೆ ಅದು ಈ ಮೇಳವೇ.

ಅವರು ಹುಟ್ಟಿದ್ದು 1890ರಲ್ಲಿ, ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಸಮುದಾಯದಲ್ಲಿ. ಫ್ರೆಂಚ್ ಮತ್ತು ಆಫ್ರಿಕನ್ ಮೂಲಗಳು ಬೆರೆತ ಈ ಸಮುದಾಯದ ಗಂಡಸರು ಗಾರೆ ಕೆಲಸ, ಇಟ್ಟಿಗೆ ಕೆಲಸ, ಚುಟ್ಟಾ ಸುತ್ತುವುದು ಮುಂತಾದ ಕಸುಬುಗಳಲ್ಲಿ ಹೆಸರಾದವರು. ಹಲವು ಮನೆಗಳಲ್ಲಿ ಕಸುಬಿನ ಜೊತೆಗೆ ಒಂದು ವಾದ್ಯವೂ ಇರುತ್ತಿತ್ತು. ಸೇಂಟ್ ಸಿರ್ ಕೂಡ ಕಲಿತದ್ದು ಗಾರೆ ಕೆಲಸ. ಹಗಲು ಗೋಡೆಗೆ ಗಿಲಾವು, ರಾತ್ರಿ ಕೈಯಲ್ಲಿ ತಂತಿವಾದ್ಯ. ಜಾಸ್ ಎಂದು ಆಮೇಲೆ ಹೆಸರು ಪಡೆದ ಸಂಗೀತ ಮೊದಲು ಇಂಥವರ ಕೇರಿಗಳಲ್ಲೇ ಬೆಳೆಯಿತು. ಊರಿನ ಮೆರವಣಿಗೆ, ಕಾರ್ನಿವಲ್, ಕುಣಿತದ ಕೊಠಡಿ, ಹಿತ್ತಾಳೆ ವಾದ್ಯಗಳೊಂದಿಗೆ ಸಾಗುವ ಶವಯಾತ್ರೆ, ಎಲ್ಲೆಡೆ ಅದು ಬೇಕಿತ್ತು. ಸ್ಮಶಾನಕ್ಕೆ ಹೋಗುವಾಗ ನಿಧಾನಗತಿಯ ಪ್ರಾರ್ಥನಾ ಗೀತೆ, ಹಿಂತಿರುಗುವಾಗ ಕುಣಿಸುವ ಲಯ. ಸಾವಿನ ಮೆರವಣಿಗೆಗೆ ತಮಟೆ ಬಾರಿಸುವ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸೇಂಟ್ ಸಿರ್ ನುಡಿಸುತ್ತಿದ್ದ ವಾದ್ಯವನ್ನು ತುಸು ಹತ್ತಿರದಿಂದ ನೋಡಬೇಕು. ನಮ್ಮ ಕಡೆಯ ಮೆರವಣಿಗೆಗಳಲ್ಲಿ ಬ್ಯಾಂಜೊ ಎನ್ನುವ, ಬಟನ್ ಒತ್ತಿ ನುಡಿಸುವ ಬುಲ್‌ಬುಲ್ ತರಂಗ ಅದಲ್ಲ. ಅಮೆರಿಕದ ಬ್ಯಾಂಜೊದ ಒಡಲು ಚರ್ಮ ಬಿಗಿದ ದುಂಡು ಬಳೆ. ಜಾಸ್ ಮೇಳಗಳ ಬ್ಯಾಂಜೊಗೆ ಸಾಮಾನ್ಯವಾಗಿ ನಾಲ್ಕು ತಂತಿ. ಸೇಂಟ್ ಸಿರ್ ಅಂಥ ಒಡಲಿಗೆ ಗಿಟಾರಿನ ಕತ್ತು ಜೋಡಿಸಿ ಆರು ತಂತಿ ಕಟ್ಟಿಕೊಂಡಿದ್ದರು. ಬೆರಳು ಓಡುವುದು ಗಿಟಾರಿನ ಹಾಗೆ, ದನಿ ಮಾತ್ರ ಬ್ಯಾಂಜೊದ್ದು: ಒಣ, ಚುರುಕು, ಕಹಳೆಗಳ ನಡುವೆಯೂ ಕಿವಿಗೆ ಬೀಳುವಂಥದ್ದು. ತಾಳದ ನಾಲ್ಕೂ ಪೆಟ್ಟಿಗೆ ಸ್ವರಮೇಳ ಹಾಕುತ್ತ ಮೇಳವನ್ನು ಕಟ್ಟಿ ಹಿಡಿಯುವುದು ಅದರ ಕೆಲಸ. ಮೈಕ್ ಇಲ್ಲದೆ ತುತ್ತೂರಿಯಂಥ ಕೊಳವೆಯ ಮುಂದೆ ನಿಂತು ಧ್ವನಿಮುದ್ರಿಸುತ್ತಿದ್ದ ಕಾಲದಲ್ಲಿ ಡ್ರಮ್‌ಗಳ ಸದ್ದು ಸರಿಯಾಗಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಎಷ್ಟೋ ಹಳೆಯ ತಟ್ಟೆಗಳಲ್ಲಿ ತಾಳದ ಹೊಣೆಯೆಲ್ಲ ಬ್ಯಾಂಜೊ ಮತ್ತು ಪಿಯಾನೊಗಳ ಮೇಲೆ ಬಿದ್ದಿದೆ.

1910ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಪಿಯಾನೊ ವಾದಕ ಫೇಟ್ ಮಾರಬಲ್ ಅವರ ಮೇಳ ಸೇರಿದರು. ಸ್ಟ್ರೆಕ್‌ಫಸ್ ಕುಟುಂಬದ ವಿಹಾರ ಹಡಗುಗಳಲ್ಲಿ ಈ ಮೇಳ ನ್ಯೂ ಆರ್ಲಿಯನ್ಸಿನಿಂದ ಸೇಂಟ್ ಲೂಯಿಸ್‌ವರೆಗೆ, ಅದರಾಚೆಗೂ ಹೋಗುತ್ತಿತ್ತು. ಮಾರಬಲ್ ಶಿಸ್ತಿನ ಮನುಷ್ಯ. ಕಿವಿಯಿಂದ ಕಲಿತ ಹುಡುಗರು ಅಲ್ಲಿ ಸ್ವರಲಿಪಿ ಓದಲು ಕಲಿಯಬೇಕಿತ್ತು. ಅಂಥ ಹುಡುಗರಲ್ಲಿ ಒಬ್ಬ ಲೂಯಿ ಆರ್ಮ್‌ಸ್ಟ್ರಾಂಗ್. 'ಕ್ಯಾಪಿಟಲ್' ಹಡಗಿನಲ್ಲಿ ತೆಗೆದ ಒಂದು ಪ್ರಸಿದ್ಧ ಛಾಯಾಚಿತ್ರದಲ್ಲಿ ಮಾರಬಲ್, ಆರ್ಮ್‌ಸ್ಟ್ರಾಂಗ್, ಸೇಂಟ್ ಸಿರ್ ಮೂವರೂ ಇದ್ದಾರೆ. ಆ ಹಡಗುಗಳಲ್ಲಿ ಮೇಳ ಕಪ್ಪು ಜನರದು, ಪ್ರಯಾಣಿಕರು ಬಿಳಿಯರು. ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಪ್ರಯಾಣಿಕರಿಗೆಂದು ಮೀಸಲಾಗಿದ್ದುದು ಸೋಮವಾರದ ರಾತ್ರಿ ಮಾತ್ರ. ಡಿಸ್ನಿಲ್ಯಾಂಡಿನ ಹಡಗು ಹಳೆಯ ಮರಗೆತ್ತನೆಯನ್ನೂ ಬಿಳಿ ಕಟಾಂಜನಗಳನ್ನೂ ನಿಷ್ಠೆಯಿಂದ ಮರುಸೃಷ್ಟಿಸಿತು. ಸೋಮವಾರದ ರಾತ್ರಿಗೆ ಅಲ್ಲಿ ಜಾಗ ಸಿಗಲಿಲ್ಲ.

1923ರ ಹೊತ್ತಿಗೆ ಸೇಂಟ್ ಸಿರ್ ಷಿಕಾಗೊ ಸೇರಿದ್ದರು. 1925ರ ನವೆಂಬರ್ 12ರಂದು ಆರ್ಮ್‌ಸ್ಟ್ರಾಂಗ್ ತಮ್ಮ ಹೆಸರಿನ 'ಹಾಟ್ ಫೈವ್' ಮೇಳವನ್ನು ಮೊದಲ ಬಾರಿ ಧ್ವನಿಮುದ್ರಣಕ್ಕೆ ಕೂರಿಸಿದಾಗ ಬ್ಯಾಂಜೊ ಅವರದೇ. ಟ್ರೊಂಬೋನ್‌ಗೆ ಕಿಡ್ ಆರಿ, ಕ್ಲಾರಿನೆಟ್‌ಗೆ ಜಾನಿ ಡಾಡ್ಸ್, ಪಿಯಾನೊಗೆ ಲಿಲ್ ಹಾರ್ಡಿನ್. ಸಾರ್ವಜನಿಕವಾಗಿ ನುಡಿಸಿದ್ದು ತೀರ ಅಪರೂಪವಾದರೂ, ಇಪ್ಪತ್ತನೆಯ ಶತಮಾನದ ಸಂಗೀತವನ್ನು ಬದಲಿಸಿದ ಮೇಳಗಳ ಸಾಲಿನಲ್ಲಿ ಇದಕ್ಕೆ ಮೊದಲ ಮಣೆ. 1926ರಲ್ಲಿ ಇದೇ ಮೇಳ ನುಡಿಸಿದ 'ಓರಿಯೆಂಟಲ್ ಸ್ಟ್ರಟ್' ಸೇಂಟ್ ಸಿರ್ ರಚನೆ. ಅದೇ ವರ್ಷ ಅವರು ಜೆಲಿ ರೋಲ್ ಮಾರ್ಟನ್ ಅವರ 'ರೆಡ್ ಹಾಟ್ ಪೆಪ್ಪರ್ಸ್' ಜೊತೆಯೂ ನುಡಿಸಿದರು.

ಆಮೇಲೆ ಕಾಲ ತಿರುಗಿತು. ವಿದ್ಯುತ್ ಮೈಕ್ ಬಂದ ಮೇಲೆ ಮೆದು ದನಿಯ ಗಿಟಾರ್ ಕೂಡ ಕೇಳಿಸತೊಡಗಿ ಬ್ಯಾಂಜೊ ಬೇಡವಾಯಿತು. ಆರ್ಥಿಕ ಕುಸಿತ ಬೇರೆ. ಸೇಂಟ್ ಸಿರ್ ನ್ಯೂ ಆರ್ಲಿಯನ್ಸಿಗೆ ಮರಳಿ ಗಾರೆ ಕೆಲಸಕ್ಕೆ ಕೈ ಹಾಕಿದರು. ಕಿಡ್ ಆರಿಯೂ 1930ರ ದಶಕದಲ್ಲಿ ಸಂಗೀತ ಬಿಟ್ಟು ಕೋಳಿ ಸಾಕಿದವರೇ. 1940ರ ದಶಕದಲ್ಲಿ ಹಳೆಯ ಜಾಸ್‌ಗೆ ಮತ್ತೆ ಬೇಡಿಕೆ ಬಂದಾಗ ಸಂಗ್ರಾಹಕರೂ ವಿದ್ವಾಂಸರೂ ಇಂಥವರನ್ನು ಹುಡುಕಿಕೊಂಡು ಹೋದರು. ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಜೆಲಿ ರೋಲ್ ಮಾರ್ಟನ್ ಕುರಿತು 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೇಂಟ್ ಸಿರ್ ಹೇಳಿದ ನೆನಪುಗಳೂ ಇವೆ. 1955ರಲ್ಲಿ, ಅಂದರೆ ಡಿಸ್ನಿಲ್ಯಾಂಡ್ ತೆರೆದ ವರ್ಷವೇ, ಅವರು ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದರು.

ಡಿಸ್ನಿ ಸಂಸ್ಥೆಯಲ್ಲಿ ಈ ಸಂಗೀತದ ಹುಚ್ಚು ಮೊದಲೇ ಇತ್ತು. ಅಲ್ಲಿನ ಅನಿಮೇಷನ್ ಕಲಾವಿದ ವಾರ್ಡ್ ಕಿಂಬಲ್ ಟ್ರೊಂಬೋನ್ ಹಿಡಿದು 'ಫೈರ್‌ಹೌಸ್ ಫೈವ್ ಪ್ಲಸ್ ಟೂ' ಎಂಬ ಹವ್ಯಾಸಿ ಮೇಳ ನಡೆಸುತ್ತಿದ್ದರು. ಪಾರ್ಕಿನಲ್ಲೂ ಅದು ನುಡಿಸುತ್ತಿತ್ತು. ಕೆಂಪು ಅಂಗಿಯ ಅಗ್ನಿಶಾಮಕರ ವೇಷ, ಸೈರನ್ ಸದ್ದು, ಒಟ್ಟಿನಲ್ಲಿ ತಮಾಷೆ. 1960ರಲ್ಲಿ 'ಡಿಕ್ಸಿಲ್ಯಾಂಡ್ ಅಟ್ ಡಿಸ್ನಿಲ್ಯಾಂಡ್' ಎಂಬ ವಾರ್ಷಿಕ ಕಛೇರಿ ಆರಂಭವಾಗಿ ದಶಕವಿಡೀ ನಡೆಯಿತು. ಹವ್ಯಾಸಿಗಳು ಯಾರನ್ನು ಅನುಕರಿಸುತ್ತಿದ್ದರೋ ಆ ಮೂಲ ವಾದಕರೇ ಅಲ್ಲಿಗೆ ಬಂದರು.

ಸೇಂಟ್ ಸಿರ್ ಮೇಳದಲ್ಲಿದ್ದವರೆಲ್ಲ ನ್ಯೂ ಆರ್ಲಿಯನ್ಸಿನವರೂ ಅಲ್ಲ. ಪಿಯಾನೊ ವಾದಕ ಹಾರ್ವಿ ಬ್ರೂಕ್ಸ್ ಫಿಲಡೆಲ್ಫಿಯಾದವರು, 1933ರಲ್ಲಿ ಮೇ ವೆಸ್ಟ್ ಅವರ 'ಐ ಆಮ್ ನೋ ಏಂಜಲ್' ಚಿತ್ರದ ಹಾಡುಗಳಿಗೆ ಸಂಗೀತ ಕೊಟ್ಟವರು. ಗಾಯಕಿ ಮೊನೆಟ್ ಮೂರ್ ಟೆಕ್ಸಸ್‌ನವರು. 1920ರ ದಶಕದಲ್ಲಿ ಬ್ಲೂಸ್ ತಟ್ಟೆಗಳಿಂದ ಹೆಸರು ಮಾಡಿದ್ದ ಮೂರ್, ಈ ಮೇಳದಲ್ಲಿ ಹಾಡುತ್ತಿದ್ದ ದಿನಗಳಲ್ಲೇ, 1962ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಇವರೆಲ್ಲರ ಚಲಿಸುವ ಚಿತ್ರ ಉಳಿದಿರುವುದು ಒಂದು ದೂರದರ್ಶನ ಕಾರ್ಯಕ್ರಮದಿಂದಾಗಿ. 1962ರ ಏಪ್ರಿಲ್ 15ರಂದು ಪ್ರಸಾರವಾದ 'ಡಿಸ್ನಿಲ್ಯಾಂಡ್ ಆಫ್ಟರ್ ಡಾರ್ಕ್' ಮೂಲತಃ ಪಾರ್ಕಿನ ರಾತ್ರಿ ಸೊಬಗಿನ ಜಾಹೀರಾತು. ಅದರ ಒಂದು ಭಾಗದಲ್ಲಿ ಮಾರ್ಕ್ ಟ್ವೈನ್ ಹಡಗಿನ ಮೇಲೆ ಆರ್ಮ್‌ಸ್ಟ್ರಾಂಗ್, ಕಿಡ್ ಆರಿ, ಸೇಂಟ್ ಸಿರ್ ಒಟ್ಟಿಗೆ ಸೇರುತ್ತಾರೆ. ಹಾಟ್ ಫೈವ್‌ನ ಐವರಲ್ಲಿ ಮೂವರು. ಡಾಡ್ಸ್ 1940ರಲ್ಲೇ ತೀರಿಹೋಗಿದ್ದರು. ಪ್ರಸಾರದ ದಿನ ಆರ್ಮ್‌ಸ್ಟ್ರಾಂಗ್‌ಗೆ 60, ಆರಿಗೆ 75. ಸೇಂಟ್ ಸಿರ್‌ಗೆ 72 ತುಂಬಲು ಎರಡು ದಿನ ಬಾಕಿ. ಎಂಥ ಸಂಗೀತೋತ್ಸವವೂ ಅಸೂಯೆಪಡುವಂಥ ಈ ಮರುಭೇಟಿ ನಡೆದದ್ದು ಮಕ್ಕಳ ಪಾರ್ಕಿನ ಆಟದ ಹಡಗಿನಲ್ಲಿ.

ಪಾರ್ಕ್ ಈ ಸಂಗೀತವನ್ನು ಉಳಿಸಿತೇ, ಅಲಂಕಾರಕ್ಕೆ ಬಳಸಿತೇ? ಎರಡೂ ಹೌದು. ಜನ ಬರುತ್ತಿದ್ದುದು ಸವಾರಿಗೆ, ಕಛೇರಿಗಲ್ಲ. ಕೇಳುವವರ ಕಣ್ಣು ದಡದ ಮೇಲೆ. ಆದರೆ ರಾಕ್ ಅಂಡ್ ರೋಲ್ ಅಬ್ಬರದಲ್ಲಿ ಕ್ಲಬ್ಬುಗಳು ಕೈಬಿಟ್ಟ ವಯಸ್ಸಾದ ವಾದಕರಿಗೆ ನಿಯಮಿತ ದುಡಿಮೆ, ಕೈಗೆ ಸಂಬಳ ಅಲ್ಲಿ ಸಿಕ್ಕಿತು. ಬಡ ಕಲಾವಿದರ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ.

ಸೇಂಟ್ ಸಿರ್ 1966ರ ಜೂನ್ 17ರಂದು ತೀರಿಕೊಂಡರು. ಐದು ವಾರಗಳ ಬಳಿಕ, ಜುಲೈ 24ರಂದು, ಹಡಗುಕಟ್ಟೆಯ ಹತ್ತಿರವೇ ಡಿಸ್ನಿಲ್ಯಾಂಡ್ 'ನ್ಯೂ ಆರ್ಲಿಯನ್ಸ್ ಸ್ಕ್ವೇರ್' ತೆರೆಯಿತು. ಉದ್ಘಾಟನೆಗೆ ನಿಜವಾದ ನ್ಯೂ ಆರ್ಲಿಯನ್ಸಿನ ಮೇಯರ್ ವಿಕ್ಟರ್ ಶಿರೊ ಬಂದಿದ್ದರು. ಆ ಬೀದಿಗೆಂದು ಕಟ್ಟಿದ 'ರಾಯಲ್ ಸ್ಟ್ರೀಟ್ ಬ್ಯಾಚುಲರ್ಸ್' ಮೇಳವನ್ನು ನಡೆಸಿದವರು ಜಾಕ್ ಮೆಕ್‌ವೇ. ಲಾಸ್ ಏಂಜಲೀಸ್‌ನ ಈ ಸ್ಯಾಕ್ಸೊಫೋನ್ ವಾದಕ ಪಾರ್ಕಿನಲ್ಲಿ ಎರಡು ದಶಕಕ್ಕೂ ಮೇಲೆ ಕ್ಲಾರಿನೆಟ್ ನುಡಿಸಿದರು. ಕಹಳೆ ವಾದಕ ಟೆಡಿ ಬಕ್ನರ್ ಅವರ ಮೇಳ 1981ರವರೆಗೂ ಪಾರ್ಕಿನಲ್ಲಿತ್ತು.

ಹಾಟ್ ಫೈವ್ ಧ್ವನಿಮುದ್ರಣಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯ ಮೊದಲ ಪಟ್ಟಿಗೇ ಸೇರಿಸಿತು. ಕೇಳಬಯಸುವವರು 1925ರ 'ಗಟ್ ಬಕೆಟ್ ಬ್ಲೂಸ್'ನಿಂದ ಆರಂಭಿಸಬಹುದು. ಅದರಲ್ಲಿ ಎಲ್ಲರಿಗಿಂತ ಮೊದಲು ಕೇಳಿಬರುವ ವಾದ್ಯ ಸೇಂಟ್ ಸಿರ್ ಅವರ ಬ್ಯಾಂಜೊ.